ಕಸ್ತೂರವ್ವನ ತೋಳಿನ ಮದ್ದು

ನರ್ಸ್ ಸೂಜಿ ಹೊರಗೆಳೆಯುತ್ತಿದ್ದಂತೆ ಕಸ್ತೂರವ್ವನ ತೋಳಿನೊಳಗಿಂದ ಹೊಸ ಮದ್ದು ಮಾತಾಡಿತು. "ನಮಸ್ಕಾರ ಅಮ್ಮಾ. ಇಷ್ಟು ದೊಡ್ಡ ಮೈಗೆ ನಾನು ಸಾಲುವುದಿಲ್ಲ. ದಯವಿಟ್ಟು ತೂಕ ಇಳಿಸಿ."

ನರ್ಸ್ ತಲೆಯೆತ್ತದೆ ಹತ್ತಿ ಒತ್ತಿದಳು.

"ಹಿಂದಿನ ಮದ್ದೂ ಇದನ್ನ ಹೇಳಿ ಹೇಳಿ ಸುಮ್ಮನಾತು," ಎಂದಳು ಕಸ್ತೂರವ್ವ. "ನಾ ಕುಸ್ತಿ ಆಡಾಕಿ. ತೂಕಾನ ನನ್ನ ಆಸ್ತಿ."

"ಹಾಗಾದರೆ ನಾನೂ ಸುಮ್ಮನಾಗಬೇಕಾಗುತ್ತದೆ."

ಹಳಿಯಾಳದ ಗರಡಿಯಲ್ಲಿ ಆಕೆ ಹುಡುಗಿಯರಿಗೆ ಕುಸ್ತಿ ಕಲಿಸುತ್ತಿದ್ದಳು. ಮೊಣಕೈ ತುಂಬ ಸೋರಿಯಾಸಿಸ್ ಎಂಬ ಚರ್ಮರೋಗದ ಹಕ್ಕಳೆ ಎದ್ದ ಮೇಲೆ, ಅಂಟುರೋಗವಲ್ಲವೆಂದು ಎಷ್ಟು ಹೇಳಿದರೂ ಯಾರೂ ಆಕೆಯನ್ನು ಗಟ್ಟಿಯಾಗಿ ಹಿಡಿಯುತ್ತಿರಲಿಲ್ಲ. ಹಿಡಿದಂತೆ ಮಾಡಿ ಸೋಲುತ್ತಿದ್ದರು. ಗೆದ್ದು ಗೆದ್ದು ಆಕೆಗೆ ಸಾಕಾಗಿಹೋಗಿತ್ತು.

ಕೊನೆಗೆ ಮದ್ದಿನ ಮಾತು ಕೇಳಿ ಬೆಣ್ಣೆ ತಿನ್ನುವುದನ್ನು ಬಿಟ್ಟಳು. ಕೆರೆಯ ಸುತ್ತ ಏದುಸಿರು ಬಿಡುತ್ತ ಓಡಿದಳು. "ಇನ್ನೊಂದು ಸುತ್ತು, ಅಮ್ಮಾ!" ಎಂದು ಮದ್ದು ಒಳಗಿನಿಂದ ಹುರಿದುಂಬಿಸುತ್ತಿತ್ತು. ತಿಂಗಳುಗಳು ಕಳೆದಂತೆ ರವಿಕೆಗಳೆಲ್ಲ ಸಡಿಲವಾದವು, ಹಕ್ಕಳೆ ಉದುರಿ ಮೊಣಕೈ ನುಣುಪಾಯಿತು.

ಒಂದು ಬೆಳಿಗ್ಗೆ ಶಿಷ್ಯೆ ಜೂಲಿಯಾನಾ ಆ ಮೊಣಕೈಯನ್ನು ಮುಟ್ಟಿ ನೋಡಿದಳು. "ಅಕ್ಕಾ, ಖರೇನ ಹಿಡೀಲೇನ್ರಿ?"

"ಹಿಡಿಯವಾ!"

ಮರುಕ್ಷಣವೇ ಕಸ್ತೂರವ್ವ ಕೆಮ್ಮಣ್ಣಿನ ಮೇಲೆ ಅಂಗಾತ ಬಿದ್ದಿದ್ದಳು.

"ಸೋತಿರಲ್ಲ ಅಮ್ಮಾ! ತೂಕ ಇಳಿಸಿ ಎಂದಿದ್ದು ನನ್ನದೇ ತಪ್ಪು," ಎಂದು ಮದ್ದು ಗಾಬರಿಗೊಂಡಿತು.

ಕಸ್ತೂರವ್ವನಿಗೆ ನಗು ತಡೆಯಲಾಗಲಿಲ್ಲ. "ಸುಮ್ಕಿರೋ! ಹೆಂಗ ಹಿಡದಾಳ ನೋಡಿದ್ಯೋ ಇಲ್ಲೋ?" ಎಂದವಳೇ, ಬೆನ್ನಿನ ಮಣ್ಣು ಕೊಡವದೆ ಎದ್ದು ತೋಳು ಚಾಚಿದಳು. "ಜೂಲಿಯಾನಾ, ಇನ್ನೊಮ್ಮೆ ಕೆಡವು ನೋಡೋಣು!"