ವನಮಾಲಾಳ ಕೋಣೆಯ ಗೋಡೆ

ತಂಗಿ ವನಮಾಲಾ ಶನಿಗ್ರಹಕ್ಕೆ ಹೋಗುವ ಹಡಗು ಹತ್ತಿದಾಗಿನಿಂದ ಕಸ್ತೂರಿ ಗದಗಿನ ತನ್ನ ಮನೆಯಲ್ಲಿ ಆ ಹಡಗಿನ ಕಾಗದದ ಮಾದರಿ ಕಟ್ಟುತ್ತಿದ್ದಳು. ಪ್ರಯಾಣಿಕರ ಮನೆಯವರಿಗೆಲ್ಲ ಅದರ ಹಾಳೆಗಳನ್ನು ಕೊಡುತ್ತಿದ್ದರು. ಕೊನೆಯ ತುಂಡು ಅಂಟಿಸಿದ ಮೇಲೆ ಅಲ್ಲಿ ಹಡಗಿಗೆ ಆದದ್ದು ಆ ಕ್ಷಣವೇ ಇಲ್ಲಿ ಕಾಗದಕ್ಕೂ ಆಗುತ್ತಿತ್ತು. ಊಟದ ಮೇಜಿನ ತುಂಬ ಹರಡಿದ್ದ ಹಡಗಿನಲ್ಲಿ ಅಕ್ಕಿಕಾಳಿನಷ್ಟು ಕಿಟಕಿಗಳಿದ್ದವು, ಏಣಿಗಳಿದ್ದವು, ಅಡುಗೆಮನೆಯೂ ಇತ್ತು.

ಆ ಮಧ್ಯಾಹ್ನ ಕೊನೆಯ ತುಂಡಾದ ಬಾಲದ ರೆಕ್ಕೆ ಅಂಟಿಸಿ ಕೈ ತೆಗೆಯುವಷ್ಟರಲ್ಲಿ ಮಾದರಿಯೊಳಗಿನ ವನಮಾಲಾಳ ಕೋಣೆಯ ಗೋಡೆ ಚಟ್ಟನೆ ಹರಿದು, ಸಾಸಿವೆಯಷ್ಟು ತೂತಾಯಿತು. ಕಸ್ತೂರಿ ತೇಪೆ ಹಚ್ಚಿದಳು, ಅದು ಕಳಚಿ ಬಿತ್ತು. ಮತ್ತೆ ಹಚ್ಚಿದರೂ ನಿಲ್ಲಲಿಲ್ಲ. ಹೆಬ್ಬೆರಳಿನಿಂದಲೇ ತೂತನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನಿಗೆ ಕೂಗಿದಳು: "ವನೀ, ಕೋಣಿ ಬಿಟ್ಟು ಹೊರಗ ಬಾ!" ಆ ಮಾತು ಅಲ್ಲಿಗೆ ಮುಟ್ಟಲು ಒಂದು ಗಂಟೆಗೂ ಹೆಚ್ಚು ಬೇಕಿತ್ತು.

ಕೂಗು ಕೇಳಿ ಪಕ್ಕದ ಮನೆಯ ಹುಸೇನಬಿ ಓಡಿಬಂದಳು. ಆಕೆಯ ಗಂಡ ಹೋದ ಹಡಗು ಹಿಂದಿರುಗಿರಲಿಲ್ಲ.

"ಬೆರಳ ತಗೀರಿ ಅಕ್ಕಾರ. ಇಲ್ಲಿ ಮುಚ್ಚಿದ್ರ ಅಲ್ಲಿ ಮುಚ್ಚೂದಿಲ್ಲ. ನಾನೂ ಹಿಂಗ ಹಿಡಕೊಂಡು ಕುಂತಿದ್ದೆ."

"ಗೊತ್ತೈತಿ," ಎಂದಳು ಕಸ್ತೂರಿ. ಬೆರಳು ತೆಗೆಯಲಿಲ್ಲ. ತಣ್ಣನೆಯ ಗಾಳಿ ಅದಕ್ಕೆ ತಾಕುತ್ತಲೇ ಇತ್ತು, ಆದರೆ ಕೋಣೆಯೊಳಗಿನ ಗಾಳಿ ತೀರುತ್ತ ಬಂದಂತೆ ಮೆಲ್ಲಗಾಗುತ್ತಿತ್ತು.

ಹುಸೇನಬಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು.

"ಕೈ ಸೋತ್ರ ಹೇಳ್ರಿ," ಎಂದಳು ಸ್ವಲ್ಪ ಹೊತ್ತಿನ ಮೇಲೆ. "ನಾ ಹಿಡೀತೀನಿ."