ಏಡಿಗೊಂದು ಅಗರಬತ್ತಿ

"ಏಡಿ ಅಂತ ಕೆತ್ತೋಕೆ ಬಿಡಲ್ಲ ನಾನು," ಎಂದು ಟ್ಯೂನಾ ವಿಭಾಗದ ಕುರೊಬೆ ಕಲ್ಲಿಗೆ ಅಡ್ಡ ನಿಂತ. ಕಲ್ಲುಕುಟಿಗ ಉಳಿ ಕೆಳಗಿಟ್ಟು ಸಿಗರೇಟು ಹಚ್ಚಿದ.

ಶಿಯೊಗಾಮ ಬಂದರಿನ ಆ ದೊಡ್ಡ ಮೀನು ಕಂಪನಿ, ತಾನು ಕೊಂದ ಜೀವಗಳಿಗೆಲ್ಲ ಗುಡ್ಡದ ಗುಡಿಯಲ್ಲಿ ವರ್ಷಕ್ಕೊಮ್ಮೆ ಶ್ರಾದ್ಧ ಮಾಡುತ್ತದೆ. ನಗುವುದೇನೂ ಬೇಡ, ಅನ್ನ ಕೊಟ್ಟವರಿಗೆ ಕೈಮುಗಿಯಲೇಬೇಕು. ಯಾರ ಮೀನಿನ ಹೆಸರು ಕಲ್ಲಿನ ಮೇಲಿದೆಯೋ ಅವರು ಮುಂದೆ ನಿಂತು ಅಗರಬತ್ತಿ ಹಚ್ಚುತ್ತಾರೆ. ಉಳಿದವರು ಕಲ್ಲಿನ ಹಿಂದೆ, ಶೌಚಾಲಯದ ಗೋಡೆ ಪಕ್ಕ. ಈ ಸಲ ಕಂಪನಿಗೆ ನೂರು ತುಂಬಿದ್ದಕ್ಕೆ ಹೊಸ ಕಲ್ಲು. ತಿಮಿಂಗಿಲ, ಸಾಲ್ಮನ್, ಟ್ಯೂನಾ ಕೆತ್ತಿ ಆಗಿ, ಒಂದೇ ಹೆಸರಿಗೆ ಜಾಗ ಉಳಿದಿತ್ತು. ಅದು ಏಡಿಗೇ ಬೇಕೆಂದು, ಏಡಿಮಾಂಸದಂತೆ ಕಾಣುವ ಕೆಂಪು ತಿನಿಸಾದ ಏಡಿಕಡ್ಡಿಯ ವಿಭಾಗದ ಒಕಿನೊ ಹಟ ಹಿಡಿದಿದ್ದ. ಬರುವ ವಸಂತಕ್ಕೆ ಅವನ ನಿವೃತ್ತಿ. ಒಂದು ಸಲವೂ ಮುಂದೆ ನಿಲ್ಲದೆ ಮನೆಗೆ ಹೋದರೆ ಹೆಂಡತಿಗೆ ಯಾವ ಮುಖ ತೋರಿಸುವುದು?

"ಒಂದು ಏಡಿ ಕಾಲಾದ್ರೂ ಮುರಿದಿದೀಯಾ ನೀನು?" ಕುರೊಬೆ ಕೆಣಕಿದ. "ನಿನ್ನ ಕಡ್ಡೀಲಿ ಏಡಿ ಎಲ್ಲಯ್ಯಾ ಇದೆ? ಕೆಂಪು ಬಳಿದ ಮಾತ್ರಕ್ಕೆ ಏಡಿ ಆಗೋದಾದ್ರೆ, ಸಾಕೆ ಹೆಂಡ ಕುಡಿದು ಕೆಂಪಾದ ನಮ್ಮ ಮಾವನೂ ಏಡೀನೇ."

"ಪರದೇಶದೋರು ತಮ್ಮ ಸಮುದ್ರಕ್ಕೆ ಬೇಲಿ ಹಾಕಿ ನಮ್ಮನ್ನ ಹೊರಗಿಟ್ಟಾಗ ನಿನ್ನ ಹಡಗುಗಳು ದಡದಲ್ಲಿ ತುಕ್ಕು ಹಿಡೀತಿದ್ವು. ಆಗ ಕಂಪನಿಗೆ ಅನ್ನ ಹಾಕಿದ್ದು ನನ್ನ ಕಡ್ಡಿ. ನಿನ್ನ ಮಗಳ ಮದುವೆ ಕಿಮೊನೊನೂ ಅದರ ದುಡ್ಡಿಂದೇ, ಮರೀಬೇಡ."

ಜಗಳ ಕೇಳಿ ಗುಡಿಯ ಮುದಿ ಗುರು ಗೆನ್ಶೂ ಹೊರಗೆ ಬಂದರು. "ಕೊಂದೇ ಇಲ್ಲ ಅಂದ್ಮೇಲೆ ಶ್ರಾದ್ಧ ಯಾಕಪ್ಪಾ ಒಕಿನೊ?"

"ಕೊಂದಿಲ್ಲ ಗುರುಗಳೇ, ಹೆಸರು ತಗೊಂಡಿದೀನಿ. ಕೇಳದೇ ತಗೊಂಡು ಜೀವಮಾನ ಉಂಡಿದೀನಿ. ಅದಕ್ಕೊಂದು ಕ್ಷಮೆ ಬೇಡ್ವಾ?"

ಗುರುಗಳು ಬೋಳು ತಲೆ ಸವರಿಕೊಂಡರು. "ಕೊಂದೋರು ವರ್ಷಾ ವರ್ಷಾ ಬರ್ತಾರೆ. ಕದ್ದೋನು ಬಂದಿದ್ದು ಇದೇ ಮೊದಲು. ಕೆತ್ತಪ್ಪಾ."

ಮಧ್ಯಾಹ್ನದ ಶ್ರಾದ್ಧದಲ್ಲಿ ಒಕಿನೊ ಎಲ್ಲರಿಗಿಂತ ಮುಂದೆ ನಿಂತು, ಎದೆ ಉಬ್ಬಿಸಿ ಅಗರಬತ್ತಿ ಹಚ್ಚಿದ. ಪಕ್ಕದಲ್ಲೇ ಕುರೊಬೆ ಹಲ್ಲು ಕಡಿಯುತ್ತಿದ್ದುದು ಮಂತ್ರದ ನಡುವೆಯೂ ಕೇಳಿ ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಊಟದ ಹೊತ್ತಿಗೆ ತಾನೇ ತಟ್ಟೆ ತುಂಬ ಏಡಿಕಡ್ಡಿ ತಂದು ಗುರುಗಳ ಮುಂದಿಟ್ಟ.

"ಇದ್ರಲ್ಲಿ ಏಡಿ ಇಲ್ಲ ಅಂದ್ಯಲ್ಲ?" ಗುರುಗಳು ಒಂದನ್ನು ಎತ್ತಿ ನೋಡಿದರು.

"ಒಂದು ಚೂರೂ ಇಲ್ಲ ಗುರುಗಳೇ."

"ಹಾಗಾದ್ರೆ ಇದ್ರಲ್ಲಿ ಸತ್ತಿರೋದು ಯಾರು?"

ಒಕಿನೊನ ಕೈಯ ಊಟದ ಕಡ್ಡಿಗಳು ಗಾಳಿಯಲ್ಲೇ ನಿಂತವು. ಸುಕೆತೋ. ಬಡಪಾಯಿ ಬಿಳಿ ಮೀನು. ಹಡಗುಗಟ್ಟಲೆ ತರಿಸಿ, ಅರೆದು, ಬಣ್ಣ ಬಳಿದು, ಬೇರೆಯವರ ಹೆಸರಿಟ್ಟು ಮಾರಿದ್ದ. ಅದರ ನೆನಪು ಅವನಿಗೂ ಬಂದಿರಲಿಲ್ಲ, ಬೆಳಿಗ್ಗೆಯಿಂದ ಬೈದ ಕುರೊಬೆಗೂ ಬಂದಿರಲಿಲ್ಲ.

"ಕಲ್ಲಲ್ಲಿ ಜಾಗ ಮುಗೀತಲ್ಲ ಗುರುಗಳೇ," ಎಂದ ಸಣ್ಣ ದನಿಯಲ್ಲಿ.

"ಹಿಂಭಾಗ ಪೂರ್ತಿ ಖಾಲಿ ಇದೆ. ನಾಳೇನೇ ಕೆತ್ತಿಸ್ತೀನಿ," ಗುರುಗಳು ಏಡಿಕಡ್ಡಿ ಕಚ್ಚಿ ಚಪ್ಪರಿಸಿದರು. "ನೀನು ಅಲ್ಲೇ ಬಂದು ಅಗರಬತ್ತಿ ಹಚ್ಚು. ಜಾಗ ಗೊತ್ತಲ್ಲ, ಶೌಚಾಲಯದ ಗೋಡೆ ಪಕ್ಕ."