ತಳದ ಮೀನು

ತೊಟ್ಟಿಯ ತಳಕ್ಕೆ ಮೀನು ಬೇಡ ಎಂದು ರಮ್ಯ ಹೇಳಿದಾಗ ಸಾಕುಮೀನಿನ ಅಂಗಡಿಯ ಮುನಿಸ್ವಾಮಿ ಬಲೆ ಕೆಳಗಿಟ್ಟು ಅವಳ ಮುಖ ನೋಡಿದ. ಅರ್ಧ ಗಂಟೆಯಿಂದ ಅವಳಿಗಾಗಿ ಅವನು ಒಂದಕ್ಕೊಂದು ಹೊಂದುವ ಮೀನುಗಳನ್ನು ಆರಿಸುತ್ತಿದ್ದ. ಎರಡಡಿಯ ಗಾಜಿನ ತೊಟ್ಟಿಗೆ ಏಂಜಲ್ ಬೇಡ, ದೊಡ್ಡದಾದ ಮೇಲೆ ಸಣ್ಣವನ್ನು ನುಂಗುತ್ತದೆ. ಟೈಗರ್ ಬಾರ್ಬ್ ಬೇಡ, ಬೇರೆಯವುಗಳ ಬಾಲ ಕಚ್ಚುತ್ತದೆ. ಮೇಲ್ಗಡೆ ಈಜಲು ಐದು ಗಪ್ಪಿ, ನಡುವೆ ಆರು ನಿಯಾನ್ ಟೆಟ್ರಾ. ಇವು ಯಾರ ತಂಟೆಗೂ ಹೋಗುವುದಿಲ್ಲ. ಇನ್ನು ತಳಕ್ಕೆ ಎರಡು ಕೋರಿ ಮೀನು ಬಿಟ್ಟರೆ ಮುಗಿಯಿತು ಎಂದಿದ್ದ.

"ಮಿಕ್ಕಿದ್ ಫುಡ್ಡೆಲ್ಲಾ ಕೆಳಕ್ ಹೋಗಿ ಕೊಳೀತದೆ ಅಕ್ಕ. ತಿನ್ನಕ್ಕೆ ಅಲ್ಲೊಬ್ರು ಇರ್ಬೇಕು. ಆದ್ರೆ ಒಂದೇ ತಗೋಬೇಡಿ. ತಳದಲ್ಲಿರೋವು ಒಂಟಿ ಇರಲ್ಲ, ಜೊತೆ ಕೇಳ್ತವೆ."

ಮೀಸೆಯಿರುವ ಬೂದು ಬಣ್ಣದ ಎರಡು ಮೀನುಗಳು ಮರಳಿನ ಮೇಲೆ ಅಲುಗಾಡದೆ ಬಿದ್ದುಕೊಂಡಿದ್ದವು. ರಮ್ಯ ಬೇಡವೆಂದು ತಲೆಯಾಡಿಸಿದಳು. ಹೋದ ವರ್ಷ ಅವಳ ದೊಡ್ಡ ಮಗಳು, ಒಂಬತ್ತು ವರ್ಷದ ಕೀರ್ತನ, ಗುಲಾಬಿ ಬೆಳೆಯುವ ಪಾಲಿಹೌಸಿನ ಹಿಂದಿನ ಕೃಷಿಹೊಂಡದ ಪ್ಲಾಸ್ಟಿಕ್ ಹಾಳೆಯ ಮೇಲೆ ಜಾರಿದ್ದಳು. ಇಳಿದವರಿಗೆ ಸಿಕ್ಕಾಗ ತಳದಲ್ಲಿ ಹೀಗೇ ಮಲಗಿದ್ದಳಂತೆ. ದಡದಲ್ಲಿ ನಿಂತು ಎಲ್ಲವನ್ನೂ ನೋಡಿದ್ದು ತಂಗಿ ಅಕ್ಷತ. ಈಗ ಅವಳಿಗೆ ಐದು ವರ್ಷ, ಅಮ್ಮನ ಸೆರಗು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅಂದಿನಿಂದ ತಲೆಗೆ ಒಂದು ಚೊಂಬು ನೀರು ಹುಯ್ದರೂ ಮಗು ಉಸಿರು ಕಟ್ಟಿ ನೀಲಿಯಾಗುತ್ತಿತ್ತು. ವರ್ಷದಿಂದ ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದೇ ಸ್ನಾನ. ಜೀವ ಆಡುತ್ತಿರುವ ನೀರನ್ನು ದಿನಾ ನೋಡಲಿ, ಭಯ ತಾನಾಗಿ ಇಳಿಯುತ್ತದೆ ಎಂದು ದೇವನಹಳ್ಳಿಯ ಡಾಕ್ಟರು ಹೇಳಿದ್ದಕ್ಕೇ ಈ ತೊಟ್ಟಿ.

ಹೊರಡುವಾಗ ಮುನಿಸ್ವಾಮಿ ಇನ್ನೊಂದು ಮಾತು ಹೇಳಿದ. ಈ ಕಡೆಯ ಬೋರ್‌ವೆಲ್ ನೀರು ಗಡಸು, ಮೀನು ತಡೆಯುವುದಿಲ್ಲ. ನಿಂತ ಮಳೆನೀರಿದ್ದರೆ ಅದನ್ನೇ ತುಂಬಿ. ರಮ್ಯ ಅಲ್ಲಿಂದಲೇ ಗಂಡ ಕೆಂಪರಾಜುವಿಗೆ ಫೋನು ಮಾಡಿ ತಿಳಿಸಿದಳು. ಮಗುವನ್ನು ಕರೆದುಕೊಂಡು, ಮೀನಿನ ಚೀಲ ಹಿಡಿದು ಅವಳು ದೇವನಹಳ್ಳಿ ಕಡೆಯ ಚನ್ನರಾಯಪಟ್ಟಣದಲ್ಲಿ ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ತೊಟ್ಟಿ ತುಂಬಿತ್ತು. ನೀರು ಎಲ್ಲಿಯದೆಂದು ಅವಳು ಕೇಳಲಿಲ್ಲ.

ಮೀನುಗಳು ಜಗಳವಾಡಲಿಲ್ಲ. ಆದರೆ ಕೆಳಕ್ಕೂ ಇಳಿಯಲಿಲ್ಲ. ಏರ್‌ಪೋರ್ಟಿಗೆ ಇಳಿಯುವ ವಿಮಾನ ತಗ್ಗಿನಲ್ಲಿ ಹಾದು ಗಾಜು ನಡುಗಿದಾಗಲೂ ಹನ್ನೊಂದೂ ಮೇಲ್ಗಡೆಯೇ ಗುಂಪುಗೂಡುತ್ತಿದ್ದವು, ತಳದಿಂದ ಒಂದು ಗೇಣು ಬಿಟ್ಟು. ಅಮ್ಮ ಬೇಡವೆಂದರೂ ಅಕ್ಷತ ಹಿಡಿಹಿಡಿ ಮೀನಿನ ಕಾಳು ಹಾಕುತ್ತಿದ್ದಳು. ಬೆಳಗ್ಗೆ ನೋಡಿದರೆ ಮರಳಿನ ಮೇಲೆ ಒಂದು ಕಾಳೂ ಇರುತ್ತಿರಲಿಲ್ಲ. ಯಾರು ತಿಂದರೆಂದು ಕೇಳಿದ್ದಕ್ಕೆ, ಕೆಳಗಡೆ ಇರೋಳು ಎಂದು ಮಗು ನಕ್ಕಿತು. ಅದು ನಕ್ಕು ವರ್ಷವಾಗಿತ್ತು. ಹತ್ತನೆಯ ದಿನ ಅಕ್ಷತ ತಾನೇ ಬಚ್ಚಲಿಗೆ ಹೋಗಿ ತಲೆಯ ಮೇಲೆ ಒಂದು ಚೊಂಬು ನೀರು ಹುಯ್ದುಕೊಂಡಳು. ರಮ್ಯ ಒಲೆಯ ಮುಂದೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮರುದಿನ ಮಧ್ಯಾಹ್ನ ಪಾತ್ರೆ ತೊಳೆದು ಒಳಗೆ ಬಂದರೆ, ಅಕ್ಷತ ಸ್ಟೂಲಿನ ಮೇಲೆ ನಿಂತಿದ್ದಾಳೆ. ಒಂದು ತೋಳು ಭುಜದವರೆಗೆ ತೊಟ್ಟಿಯೊಳಗಿದೆ. ಕೆನ್ನೆ ನೀರಿಗೆ ತಾಕಿದೆ, ಬಿಚ್ಚಿದ ಕೂದಲು ನೀರಿನ ಮೇಲೆ ಹರಡಿದೆ. ಮೀನುಗಳೆಲ್ಲ ಆಚೆ ಮೂಲೆಗೆ ಒತ್ತಿಕೊಂಡಿವೆ. ರಮ್ಯ ಓಡಿ ಬಂದು ಎಳೆದಳು. ಮೊದಲನೆಯ ಸಲ ಮಗು ಬರಲಿಲ್ಲ. ಎರಡನೆಯ ಸಲ ಬಂತು.

"ಅಕ್ಕಂಗೆ ಒಬ್ಳೇ ಇದ್ದೂ ಇದ್ದೂ ಬೇಜಾರಂತಮ್ಮ," ಎಂದಳು ಅಕ್ಷತ, ಹೆದರಿಕೆಯ ಸುಳಿವೂ ಇಲ್ಲದೆ. "ಕೆಳಗಡೆ ಇರೋರು ಒಂಟಿ ಇರಲ್ಲ ಅಂತ ಅಂಗ್ಡಿ ಮಾಮ ಹೇಳ್ಲಿಲ್ವಾ?"

ಊಟಕ್ಕೆ ಬಂದ ಕೆಂಪರಾಜುವನ್ನು ರಮ್ಯ ನೀರಿನ ಬಗ್ಗೆ ಕೇಳಿದಳು. "ಹೊಂಡದ್ದು ಕಣೆ. ನಿಂತಿರೋ ಮಳೆನೀರು ಅಂದಿದ್ದೆ ತಾನೆ ನೀನು? ಪಾಲಿಹೌಸ್ ಮೇಲಿಂದ ಇಳಿದಿದ್ದು, ಗುಲಾಬಿಗೆ ದಿನಾ ಅದನ್ನೇ..." ಎಂದವನು ತಟ್ಟೆಯಲ್ಲಿದ್ದ ಮುದ್ದೆಯನ್ನು ಮುರಿಯದೆ ಎದ್ದುಹೋದ.

ನೀರನ್ನು ಅಂಗಳಕ್ಕೆ ಹರಿಸಿಬಿಡಲೆಂದು ರಮ್ಯ ತೊಟ್ಟಿಗೆ ಪೈಪು ಇಳಿಬಿಟ್ಟಳು. ಇನ್ನೊಂದು ತುದಿಯನ್ನು ಬಾಯಿಗಿಟ್ಟು ಎಳೆಯುವ ಮುಂಚೆ ಕಣ್ಣು ತಳಕ್ಕೆ ಹೋಯಿತು. ಮೂಲೆಯ ಮರಳಿನಲ್ಲಿ ಅಂಗೈಯಗಲದ ಒಂದು ಗುಳಿ, ಯಾರೋ ಮಗ್ಗುಲಾಗಿ ಮುದುರಿ ಮಲಗಿ ಈಗಷ್ಟೇ ಎದ್ದಂತೆ. ಕೀರ್ತನ ಮಲಗುತ್ತಿದ್ದದ್ದೂ ಹಾಗೆಯೇ, ಗೋಡೆಯ ಕಡೆ ಮುಖ ಮಾಡಿ. ಒಮ್ಮೆ ಮಣ್ಣಿಗೆ ಕೊಟ್ಟವಳನ್ನು ಇನ್ನೊಮ್ಮೆ ಕೊಡಲು ಅವಳಿಗೆ ಮನಸ್ಸು ಬರಲಿಲ್ಲ. ಪೈಪನ್ನು ಸುತ್ತಿಟ್ಟಳು. ಅಕ್ಷತಳನ್ನು ಸೊಂಟಕ್ಕೆತ್ತಿಕೊಂಡು, ಗಟ್ಟಿಯಾಗಿ ಹಿಡಿದು, ಸಿಕ್ಕಿದ ಬಸ್ಸು ಹತ್ತಿದಳು.

ತಳದ ಮೀನು ಬೇಕೆಂದಾಗ ಮುನಿಸ್ವಾಮಿಗೆ ಖುಷಿಯಾಯಿತು. ಮರಳು ಕೆದಕಿ ಎರಡು ಕೋರಿಗಳನ್ನು ಒಟ್ಟಿಗೆ ಬಲೆಗೆ ಹಾಕಿಕೊಂಡ. ಒಂದು ಸಾಕು ಎಂದಳು ರಮ್ಯ.

"ಅವತ್ತೇ ಹೇಳಿದ್ನಲ್ಲಕ್ಕ, ಇವು ಒಂಟಿ ಇರಲ್ಲ, ಜೊತೆ ಕೇಳ್ತವೆ ಅಂತ."

"ನಮ್ಮನೇಲಿರೋದೂ ಜೊತೆ ಕೇಳ್ತೈತೆ ಕಣಣ್ಣ," ಎಂದಳು ರಮ್ಯ, ಸೊಂಟದ ಮೇಲಿನ ಮಗುವನ್ನು ಇನ್ನಷ್ಟು ಹತ್ತಿರಕ್ಕೆ ಒತ್ತಿಕೊಳ್ಳುತ್ತ. "ಅದಕ್ಕೇ ಒಂದು ತಗೊಂಡು ಹೋಗ್ತಿರೋದು."